ನ್ಯಾಮತಿ ಮನೆಗೆ ಸೂಳೆಕೆರೆ ವ್ಯೂ

ನಾನು ಮಾತಾಡದಿದ್ರೆ ಕೆಲಸ ಆಗಲ್ಲ, ಮಾತಾಡಿದ್ರೆ ಕೆಟ್ಟೇ ಹೋಗ್ತದೆ. ಎಪ್ಪತ್ತು ವರ್ಷದಿಂದ ಇದೇ ನಡೀತಾ ಐತೆ. ನ್ಯಾಮತಿ ಮನೆ ಮಾರಾಕೆ ಹೋದಾಗಲೂ ಅದೇ ಆಯ್ತು.

ಆ ಮನೇಲಿ ಅಡುಗೆಮನೆ ಮಹಡಿ ಮೇಲೆ. ಹಂಗೆ ಕಟ್ಟಿಸ್ದೋನು ನಾನೇ, ದಿನಾ ಬೈಸ್ಕಳ್ಳೋನೂ ನಾನೇ. ನಮ್ಮಾಕೆಗೆ ಮಂಡಿನೋವು, ಮೆಟ್ಲು ಹತ್ತಾಕೆ ಆಗ್ತಿರಲಿಲ್ಲ. ಹೊನ್ನಾಳೀಲಿ ಮೆಟ್ಲೇ ಇಲ್ಲದ ಮನೆ ಸಿಕ್ಕಿತ್ತು. ಅದರ ಮಾಲೀಕರು, "ಒಂದು ತಿಂಗಳು ಕಾಯ್ತೀನಿ, ಆಮೇಲೆ ಬೇರೆಯೋರಿಗೆ ಕೊಡ್ತೀನಿ" ಅಂದಿದ್ರು. ನಾನು ಬ್ರೋಕರ್ ಹಿಡಿಯಾಣ ಅಂದೆ. ಆಕೆ, "ಆನ್‌ಲೈನ್‌ಗೆ ಹಾಕ್ರೀ" ಅಂದ್ಲು. ಎರಡೂ ಮಾಡಿದ್ವಿ.

೧. ಮೇವು ಮುಟ್ಟದ ಮನೆ

ನಮ್ಮ ಬ್ರೋಕರ್ ಮೊದ್ಲು ಜಗಳೂರು ಕಡೆ ಕುರಿ ವ್ಯಾಪಾರ ಕುದುರಿಸ್ತಿದ್ದೋನು. ಬಂದೋನೇ ಕಂಬನೆಲ್ಲ ಕುರಿ ಬೆನ್ನು ಹಿಚುಕಿದಂಗೆ ಹಿಚುಕಿದ. ಆಮೇಲೆ ಸಂತೇಲಿ ಬೇರೆಯೋರಿಗೆ ಗೊತ್ತಾಗದಂಗೆ ಮಾಡ್ತಾರಲ್ಲ, ಹಂಗೆ ಟವೆಲ್ ಹಾಸಿ, ಅದರ ಕೆಳಗೆ ನನ್ನ ಬೆರಳು ಒತ್ತಿ ರೇಟು ಹೇಳಿದ.

"ಇರೋದು ನಾವಿಬ್ರೇ, ಬಾಯಲ್ಲೇ ಹೇಳೋ ಮಾರಾಯ" ಅಂದೆ.

"ಸುಮ್ಕಿರ್ರಿ ಯಜಮಾನ್ರೇ. ರೇಟು ಗೊತ್ತಾದ್ರೆ ಮನೆಗೆ ಸೊಕ್ಕು ಬರ್ತದೆ!"

ಮಾರನೇ ದಿನ ಒಬ್ಬ ಗಿರಾಕಿ ಕರ್ಕಂಡು ಬಂದ. ಅವರು, "ಮನೆ ನಮಗೆ ಒಗ್ಗುತ್ತದೇನ್ರೀ?" ಅಂದ್ರು.

ಬ್ರೋಕರ್ ಹಳೇ ಚಾಳಿ ಬಿಡ್ಲಿಲ್ಲ. "ಒಂದು ವಾರ ಕಟ್ಕಂಡು ನೋಡ್ರಿ. ಮೇವು ಮುಟ್ಟಲಿಲ್ಲ ಅಂದ್ರೆ ವಾಪಸ್ ಹೊಡ್ಕಂಡು ಬರ್ರಿ!"

೨. ಅಡ್ಡ ಬಂದ ತಾಲ್ಲೂಕು

ಆನ್‌ಲೈನ್ ಕಂಪನಿ ಹುಡುಗಿ ಫೋನ್ ಮಾಡಿ, "ಸರ್, ಮಹಡಿ ಮೇಲಿಂದ ಏನ್ ಕಾಣುತ್ತೆ?" ಅಂದ್ಲು. ಪಕ್ಕದ ಮನೆ ನೀರಿನ ಟ್ಯಾಂಕು ಅಂತ ಹೇಳಾಕೆ ಆಗ್ತದಾ? "ಸೂಳೆಕೆರೆ ಕಾಣ್ತದಮ್ಮ. ಮೀನು ಎಗರೋದೂ ಕಾಣ್ತದೆ" ಅಂದೆ. ಆಯಮ್ಮ 'ಲೇಕ್ ವ್ಯೂ' ಅಂತ ಹಾಕೇಬಿಟ್ಲು.

ಭಾನುವಾರ ಚನ್ನಗಿರಿಯಿಂದ ಟೀಚರಮ್ಮ ಗಂಡನ್ನ ಕರ್ಕಂಡು ಬಂದ್ರು. ಮಹಡಿ ಹತ್ತಿ ನಾಲ್ಕೂ ದಿಕ್ಕಿಗೆ ನೋಡಿದ್ರು.

"ಕೆರೆ ಎಲ್ರೀ ಅಜ್ಜಾರೇ? ನಮ್ಮೂರ ಕಡೆ ಕೆರೆ ಇಲ್ಲಿಗ್ಯಾವಾಗ ಬಂತು?"

"ಐತಮ್ಮ, ಆ ಕಡೇನೇ ಐತೆ. ನಡುವೆ ಹೊನ್ನಾಳಿ ತಾಲ್ಲೂಕು ಸ್ವಲ್ಪ ಅಡ್ಡ ಬಂದೈತೆ!"

೩. ಟವೆಲ್

ಟೀಚರಮ್ಮ ನಗ್ತಾನೇ ಹೋದ್ರು. ಹೊನ್ನಾಳಿ ಗಡುವಿಗೆ ಉಳಿದಿದ್ದು ಎರಡೇ ದಿನ. ನಮ್ಮಾಕೆ ಮಂಡಿಗೆ ಎಣ್ಣೆ ತಿಕ್ಕತಾ, "ಇನ್ನೊಂದ್ಸಲ ಬಾಯಿ ಬಿಟ್ರೆ ನೀವೇ ಮೆಟ್ಲು ಹತ್ತಿ ಅಡುಗೆ ಮಾಡ್ರಿ" ಅಂದ್ಲು.

ಅಷ್ಟರಾಗೆ ನಮ್ಮ ಬ್ರೋಕರ್ ಜೊತೆ ಟೀಚರಮ್ಮನೇ ವಾಪಸ್ ಬಂದ್ರು. "ಕೆರೆ ಇಲ್ದಿದ್ರೂ ಅಡುಗೆಮನೇಲಿ ಗಾಳಿ ಬೆಳಕು ಚೆನ್ನಾಗೈತೆ. ರೇಟು ಹೇಳ್ರಿ."

ನಾನು ಬಾಯಿ ತೆರೆದೆ. ನಮ್ಮಾಕೆ ಬ್ರೋಕರ್ ಹೆಗಲಿಂದ ಟವೆಲ್ ಕಿತ್ಕಂಡು ಟೀಚರಮ್ಮನ ಕೈ ಮೇಲೆ ಹಾಕಿದ್ಲು. ಹೆಂಗಸರಿಬ್ರೂ ಅದರ ಕೆಳಗೆ ಬೆರಳು ಒತ್ತಿದ್ದೇ ಒತ್ತಿದ್ದು. ರೇಟು ಗೊತ್ತಾಗದೆ ಬ್ರೋಕರ್ ಮೈಯೆಲ್ಲ ಪರಚ್ಕಂಡ. ಐದೇ ನಿಮಿಷಕ್ಕೆ ವ್ಯಾಪಾರ ಕುದುರ್ತು.

"ಎಷ್ಟಕ್ಕಾಯ್ತೇ?" ಅಂದೆ.

"ನಿಮಗೆ ಹೇಳಿದ್ರೆ ಬಸ್‌ಸ್ಟ್ಯಾಂಡಿಗೆ ಹೋಗೋದ್ರಾಗೆ ನಾಲ್ಕು ಪಟ್ಟು ಮಾಡ್ತೀರಿ."

ಈಗ ಹೊನ್ನಾಳೀಲಿ ಆರಾಮಾಗಿದೀವಿ. ರೇಟು ಮಾತ್ರ ನನಗೆ ಇವತ್ತಿಗೂ ಗೊತ್ತಿಲ್ಲ. ಪತ್ರಕ್ಕೆ ಸಹಿ ಹಾಕಿದ್ದು ನಾನೇ ಅಲ್ವಾ ಅಂತೀರಾ? ಹೌದು. ಸಹಿ ಹಾಕೋವಷ್ಟು ಜಾಗ ಬಿಟ್ಟು, ಉಳಿದ ಪತ್ರದ ಮೇಲೆಲ್ಲ ಟವೆಲ್ ಹೊದಿಸಿದ್ಲು ಪುಣ್ಯಾತ್ಗಿತ್ತಿ!