ನನ್ನ ದೋಣಿಗೆ ಹಾಯಿ ಸಿಕ್ಕಿದ್ದು

ದ್ರುವಾ ಕಟ್ಟುವ ವಂಶದಲ್ಲಿ ಹುಟ್ಟಿದವನು ನಾನು. ನನ್ನ ಮುತ್ತಾತಂದಿರು ಕಟ್ಟಿದ ಆ ಜೋಡಿದೋಣಿಗಳಲ್ಲಿ ಇಡೀ ಊರಿಗೆ ಊರೇ ಕೂತು ಯುದ್ಧಕ್ಕೂ ಹೋಗುತ್ತಿತ್ತು, ಮದುವೆಗೂ ಹೋಗುತ್ತಿತ್ತು. ಅವರ ಕುಲತಿಲಕನಾದ ನಾನು ಸುವಾ ಪಟ್ಟಣದ ಬಸ್ ನಿಲ್ದಾಣದಲ್ಲಿ ಟಿಕೆಟ್ ಹರಿಯುತ್ತೇನೆ.

ಇದನ್ನು ನೆನಪಿಸಲು ನನ್ನ ಹೆಂಡತಿಯ ತಮ್ಮ ಓಸೇಯಾ ಒಬ್ಬನೇ ಸಾಕು. ನಮ್ಮಲ್ಲಿ ಭಾವ-ಮೈದುನರು ಒಬ್ಬರ ಕಾಲು ಇನ್ನೊಬ್ಬರು ಎಳೆಯದಿದ್ದರೆ ಸಂಬಂಧ ಹಳಸಿದೆ ಎಂದೇ ಲೆಕ್ಕ. ಒಂದು ಸಂಜೆ ಯಂಗೋನಾ ಬೇರು ಅರೆದ ಪಾನೀಯದ ಬಟ್ಟಲಿನ ಸುತ್ತ ನೆರೆಹೊರೆಯವರೆಲ್ಲ ಕೂತಿದ್ದಾಗ ನಾನು ಮುತ್ತಾತಂದಿರ ಪ್ರತಾಪವನ್ನು ವರ್ಣಿಸುತ್ತಿದ್ದೆ. ಓಸೇಯಾ ಕುಡಿದ ತೆಂಗಿನ ಚಿಪ್ಪು ಕೆಳಗಿಟ್ಟು ಬಾಯಿ ಒರೆಸಿಕೊಂಡ.

"ಹೌದು ಭಾವ, ದೊಡ್ಡ ಮನೆತನ ನಿಮ್ದು. ಆದ್ರೆ ನಿಮ್ಮ ಬಚ್ಚಲಿನ ಬಾಗ್ಲಿಗೆ ಚಿಲಕ ಕೂರ್ಸೋಕೆ ಪ್ರತೀ ಸಲ ನಾನೇ ಯಾಕೆ ಬರ್ಬೇಕು?"

ಎಲ್ಲರೂ ನಕ್ಕರು. ಹೆಂಡತಿ ಅಕಾನಿಸಿ ಅಡುಗೆಮನೆಯಿಂದಲೇ ನಕ್ಕಳು. ನಾನು ಎದ್ದು ನಿಂತು ಘೋಷಿಸಿಯೇಬಿಟ್ಟೆ: ಓಸೇಯಾನ ಮಗಳ ಮದುವೆಯೊಳಗೆ ತೋಳುದ್ದದ ದ್ರುವಾ ಒಂದನ್ನು ಕಟ್ಟುತ್ತೇನೆ, ಒಂದೂ ಮೊಳೆ ಹೊಡೆಯದೆ, ಎಲ್ಲವನ್ನೂ ತೆಂಗಿನ ನಾರಿನಲ್ಲೇ ಬಿಗಿದು! ಬರೀ ಗೂಡಿನಲ್ಲಿಡುವ ಬೊಂಬೆಯಲ್ಲ, ನೀರಿಗಿಳಿದು ಓಡುವ ದ್ರುವಾ!

ಮರುದಿನವೇ ಹಳೆಯ ಮನೆಯ ಕಂಬದ ತುಂಡು ತಂದು ಕೆತ್ತಲು ಕೂತೆ. ಮೊದಲ ಒಡಲು ಸೊಗಸಾಗಿ ಬಂತು. ಎರಡನೆಯದು ತುದಿಯಲ್ಲಿ ಸೀಳಿತು. ಸೀಳಿದ್ದನ್ನು ಕತ್ತರಿಸಿದೆ, ಇನ್ನಷ್ಟು ಸೀಳಿತು, ಇನ್ನಷ್ಟು ಕತ್ತರಿಸಿದೆ. ಕೊನೆಗೆ ಒಂದು ಒಡಲು ದೊಡ್ಡದು, ಇನ್ನೊಂದು ಗಿಡ್ಡ. ತಲೆಯ ಮೇಲೆ ಕೈ ಹೊತ್ತು ಕೂತವನಿಗೆ ತಟ್ಟನೆ ಹೊಳೆಯಿತು. ದ್ರುವಾಕ್ಕೆ ಒಂದು ದೊಡ್ಡದು ಒಂದು ಚಿಕ್ಕದು ಇರಬೇಕಾದದ್ದೇ ಪದ್ಧತಿ! ನನ್ನ ತಪ್ಪೇ ಶಾಸ್ತ್ರವಾಗಿತ್ತು. ಅಲ್ಲಿಂದ ಮುಂದೆ ನನ್ನನ್ನು ಹಿಡಿಯುವವರೇ ಇರಲಿಲ್ಲ.

ಉಳಿದದ್ದು ಹಾಯಿ. ನಿಜವಾದ ದ್ರುವಾದ ಹಾಯಿ ಬಟ್ಟೆಯದ್ದಲ್ಲ, ಕೇದಗೆಯ ಜಾತಿಯ ಗರಿಯಲ್ಲಿ ಹೆಣೆದ ಚಾಪೆ. ಅಕಾನಿಸಿಯ ಹಳೆಯ ಕರವಸ್ತ್ರ ಒಂದನ್ನು ಕಟ್ಟಿ ನೋಡಿದೆ, ಬಟ್ಟೆ ಬಟ್ಟೆಯೇ. ಜಗುಲಿಯ ಚಾಪೆಯನ್ನು ಹಿಡಿದು ನೋಡಿದೆ. ಇಷ್ಟು ಪುಟ್ಟ ದೋಣಿಗೆ ಅದರ ಎಳೆಗಳು ಹಲಗೆಯಷ್ಟು ಅಗಲ ಕಾಣುತ್ತಿದ್ದವು. ನಯವಾದ ಹೆಣಿಗೆ ಬೇಕು. ನಯವಾದದ್ದು ಎಲ್ಲಿರುತ್ತದೆ? ಎಲ್ಲರ ಮನೆಯಲ್ಲೂ ಎಲ್ಲಿರುತ್ತದೋ ಅಲ್ಲೇ, ಹಾಸಿಗೆಯ ಕೆಳಗೆ. ಮದುವೆಯಾದಂದಿನಿಂದ ನಾನು ಆ ಚಾಪೆಗಳ ಒಟ್ಟಿಲಿನ ಮೇಲೆ ಮಲಗಿದ್ದೇನೆ. ಅವು ಹೆಂಗಸರ ಆಸ್ತಿ, ಯಾವುದು ಯಾರಿಗೆ ಉಡುಗೊರೆ ಎಂದು ಗಂಡಸರು ಕೇಳುವುದಿಲ್ಲ. ಕೇಳದೇ ಇರುವುದೇ ಮರ್ಯಾದೆ ಎಂದುಕೊಂಡು, ಅಕಾನಿಸಿ ಚರ್ಚಿಗೆ ಹೋಗಿದ್ದಾಗ, ಹಾಸಿಗೆ ಎತ್ತಿದೆ.

ಎಲ್ಲಕ್ಕಿಂತ ಕೆಳಗಿದ್ದದ್ದು ಎಲ್ಲಕ್ಕಿಂತ ನಯವಾಗಿತ್ತು. ಅದರ ಅಂಚಿಗೆ ಬಣ್ಣಬಣ್ಣದ ಉಣ್ಣೆಯ ಕುಚ್ಚು ಕಟ್ಟಿದ್ದಳು. ನಾನೇನು ಕಟುಕನೇ? ಅಷ್ಟು ಚೆಂದದ ಅಂಚನ್ನು ಹಾಳುಮಾಡಲು ಮನಸ್ಸು ಬರಲಿಲ್ಲ. ಆದ್ದರಿಂದ ನಟ್ಟನಡುವೆ ಕತ್ತರಿಸಿದೆ.

ಮದುವೆಗೆ ಎರಡು ದಿನವಿದೆ ಎನ್ನುವಾಗ ಅಂಗಳದಲ್ಲಿ ಬಟ್ಟೆ ಒಗೆಯುವ ದೊಡ್ಡ ತೊಟ್ಟಿಗೆ ನೀರು ತುಂಬಿಸಿ ಓಸೇಯಾನನ್ನು ಕರೆಸಿದೆ. ದೋಣಿಯನ್ನು ಇಳಿಬಿಟ್ಟೆ. ಸಮುದ್ರದ ಗಾಳಿ ಬಂತು, ಚಿಕ್ಕ ಒಡಲು ಗಾಳಿಯ ಕಡೆಗೆ ನಿಂತಿತು, ಹಾಯಿ ಉಬ್ಬಿತು, ದ್ರುವಾ ಓಡಿತು! ತೊಟ್ಟಿಯ ಆ ದಡ ತಲುಪಿದಾಗ, ತಿರುಗಿಸದೆಯೇ, ಹಾಯಿಯ ಮೂಲೆಯನ್ನು ಒಂದು ತುದಿಯಿಂದ ಕಿತ್ತು ಇನ್ನೊಂದು ತುದಿಗೆ ಸಾಗಿಸಿದೆ. ಹಿಂಭಾಗವೇ ಮುಂಭಾಗವಾಗಿ ಅದು ವಾಪಸ್ ಓಡಿ ಬಂತು. ನನಗೆ ಖುಷಿಯಿಂದ ಕಣ್ಣು ತುಂಬಿ ಬಂತು, ಸುಳ್ಳೇಕೆ ಹೇಳಲಿ.

ಅಷ್ಟರಲ್ಲಿ ಅಕಾನಿಸಿ ಬಂದು ಬಗ್ಗಿ ನೋಡಿದಳು. ಮುಖ ಅರಳಿತು. ಹಾಯಿಯನ್ನು ಬೆರಳಿನಿಂದ ಸವರಿದಳು.

"ಎಷ್ಟು ನಯವಾಗಿದೆ. ಅಂಗಡಿಯದ್ದಲ್ಲ ಇದು. ಎಳೆ ತಿರುಗ್ಸಿರೋ ರೀತಿ ನೋಡಿದ್ರೆ ನನ್ನ ಕೈಯದ್ದೇ ಅನ್ಸತ್ತೆ."

ಅನ್ನಿಸಿದ್ದೇ ತಡ, ಒಳಗೆ ಓಡಿದಳು. ಹಾಸಿಗೆ ಧೊಪ್ಪೆಂದು ಬಿದ್ದ ಸದ್ದು ಕೇಳಿತು. ಆಮೇಲೆ ಬಾಗಿಲಲ್ಲಿ ಒಂದು ಚಾಪೆ ನಿಂತಿತು. ಅದರ ನಡುವಿನ ಮುಕ್ಕೋನದ ಕಿಂಡಿಯಿಂದ ಅವಳ ಒಂದು ಕಣ್ಣು ನನ್ನನ್ನೇ ನೋಡುತ್ತಿತ್ತು.

ಓಸೇಯಾ ಹೊಟ್ಟೆ ಹಿಡಿದುಕೊಂಡು ನಕ್ಕ, ತೊಟ್ಟಿಗೆ ಒರಗಿ ನಕ್ಕ, ನೆಲದ ಮೇಲೆ ಕೂತು ನಕ್ಕ.

"ನಗು, ಚೆನ್ನಾಗಿ ನಗು," ಎಂದಳು ಅಕಾನಿಸಿ. "ನಿನ್ನ ಮಗಳ ಮದುವೇಲಿ ಗಂಡಿನ ಕಡೆಯವರ ಮುಂದೆ ಹಾಸ್ಬೇಕು ಅಂತ ಎರಡು ವರ್ಷ ಕೂತು ಹೆಣೆದ ಚಾಪೆ ಇದು."

ಓಸೇಯಾನ ನಗು ಅಲ್ಲೇ ನಿಂತಿತು. ಸೋದರತ್ತೆಯ ಚಾಪೆ ಎಂದರೆ ಹೆಣ್ಣಿನ ಕಡೆಯ ಮಾನ. ಬೇರೆ ಚಾಪೆ ಹೆಣೆಯಲು ಸಮಯವಿಲ್ಲ. ಹಾಯಿಯನ್ನು ವಾಪಸ್ ಹೊಲಿಯೋಣವೆಂದರೆ, ಕಟ್ಟಲು ಅದರ ಮೂರು ಅಂಚಿಗೂ ತೂತು ಕೊರೆದುಬಿಟ್ಟಿದ್ದೆ. ಅಕಾನಿಸಿ ಬೈದಿದ್ದರೆ ಸಹಿಸಬಹುದಿತ್ತು. ಅವಳು ಸೆರಗಿನಂತೆ ಚಾಪೆಯನ್ನು ಮೈಗೆ ಅವುಚಿಕೊಂಡು ಕೂತಳು. ನನ್ನ ಮೇಲೆ ನನಗೇ ನಾಚಿಕೆಯಾಯಿತು.

ಕೊನೆಗೆ ಅವಳೇ ಉಪಾಯ ಹುಡುಕಿದಳು. ತೂತಿನ ಮೇಲೆ ದೋಣಿಯನ್ನು ಇಟ್ಟು, ಎರಡನ್ನೂ ಒಟ್ಟಿಗೆ ಉಡುಗೊರೆಯಾಗಿ ಕೊಟ್ಟುಬಿಡುವುದು!

ಮದುವೆಯ ದಿನ ಚಾಪೆ ಹಾಸಿದೆವು. ದೋಣಿ ಕಿಂಡಿಯನ್ನು ಪೂರ್ತಿ ಮುಚ್ಚಿತು. ಗಂಡಿನ ಕಡೆಯ ಹಿರಿಯ ಜೋವಿಲಿಸಿ ಅಜ್ಜ ಚಾಪೆ ಮುಟ್ಟಿ ಸ್ವೀಕರಿಸಿದರೆ ಮುಗಿಯಿತು. ಅಜ್ಜ ಮುಟ್ಟಿದರು. ನಾವು ಉಸಿರು ಬಿಡುವಷ್ಟರಲ್ಲಿ, ಒಡಲಿನ ಅಡಿ ಹೇಗಿದೆ ನೋಡೋಣವೆಂದು ದೋಣಿಯನ್ನು ಎತ್ತಿಬಿಟ್ಟರು!

ಅಜ್ಜ ತೂತನ್ನು ನೋಡಿದರು, ಹಾಯಿಯನ್ನು ನೋಡಿದರು, ದೋಣಿಯನ್ನು ಮಲಗಿಸಿ ಹಾಯಿಯನ್ನು ತೂತಿನ ಮೇಲೆ ಹಿಡಿದರು. ಸರಿಯಾಗಿ ಕೂತಿತು. ಮೊದಲು ಅಜ್ಜನ ಭುಜ ಅಲುಗಿತು, ಆಮೇಲೆ ಹೊಟ್ಟೆ. ಮರುಕ್ಷಣ ಚಪ್ಪರವೇ ಹಾರಿಹೋಗುವಂತೆ ಎರಡೂ ಕಡೆಯವರು ನಕ್ಕರು. ಮದುಮಗಳೂ ನಕ್ಕಳು. ಅಕಾನಿಸಿ ಮಾತ್ರ ತಲೆ ತಗ್ಗಿಸಿದ್ದಳು.

ಅಜ್ಜ ಕಣ್ಣೊರೆಸಿಕೊಂಡು, ತಮ್ಮ ದ್ವೀಪದಲ್ಲಿ ನಿಜವಾದ ದ್ರುವಾ ಒಂದನ್ನು ಕಟ್ಟುತ್ತಿದ್ದಾರೆ, ಅದಕ್ಕೆ ಬಲ್ಲ ಕೈ ಬೇಕಾಗಿದೆ ಎಂದರು. ಮುತ್ತಾತಂದಿರು ನನ್ನ ಬೆನ್ನು ತಟ್ಟಿದಂತಾಯಿತು. ಅಂಗಿಯ ಗುಂಡಿ ಹಾಕಿಕೊಂಡು, ಎದೆ ಮುಂದೆ ಮಾಡಿ ಎದ್ದು ನಿಂತೆ. ಅಜ್ಜ ನನ್ನನ್ನು ದಾಟಿಕೊಂಡು ಅಕಾನಿಸಿಯ ಮುಂದೆ ಹೋಗಿ ಕೂತರು.

"ತಾಯಿ, ಇಂಥ ಹೆಣಿಗೆ ನಾನು ಚಿಕ್ಕಂದಿನಲ್ಲಿ ನೋಡಿದ್ದು. ನಮ್ಮ ದ್ರುವಾದ ಹಾಯಿ ನಿನ್ನ ಕೈಯಿಂದಲೇ ಆಗ್ಬೇಕು. ಬರ್ತೀಯಾ?"

ಅಕಾನಿಸಿ ತಲೆ ಎತ್ತಿದಳು. ಅವಳ ಮುಖ ಅಷ್ಟು ಬೆಳಗಿದ್ದನ್ನು ನಾನು ನಮ್ಮ ಮದುವೆಯಲ್ಲೂ ಕಂಡಿರಲಿಲ್ಲ. ಬರುತ್ತೇನೆ ಎಂದಳು. ಅಜ್ಜ ನನ್ನ ಕಡೆ ಕಣ್ಣು ಹಾಯಿಸಿ, ಯಜಮಾನರು ಮನೆ ನೋಡಿಕೊಂಡು ಇರುತ್ತಾರೇನೋ ಎಂದು ಮೆಲ್ಲಗೆ ವಿಚಾರಿಸಿದರು.

"ಇಲ್ಲ ಅಜ್ಜ, ಜೊತೇಲೇ ಕರ್ಕೊಂಡ್ ಬರ್ತೀನಿ," ಎಂದಳು. "ಮನೇಲಿ ಇನ್ನೂ ಏಳು ಚಾಪೆ ಉಳಿದಿವೆ."