ಸಿಗ್ನಲ್ ಬಲದ ಮುಂದಿನ ಮೈನಸ್ ಚಿಹ್ನೆಯನ್ನು ಮರಳಿ ಜಾರಿಗೆ ತರುವ ಬಗ್ಗೆ

ನೀರಿನ ಮೀಟರ್ ವಿಭಾಗ, ಎರಡನೇ ಮಹಡಿ
ಸಂಖ್ಯೆ: ನೀಮೀ/ಸಿಗ್ನಲ್/ಮೈನಸ್/೧೧೭

ವಿಷಯ: ನಿಸ್ತಂತು ಮೀಟರುಗಳ ಮಾಹಿತಿ ಸ್ವೀಕರಿಸುವಾಗ ಸಿಗ್ನಲ್ ಬಲ ಅಳೆಯುವುದು, ಹಾಗೂ ಮೀಟರ್ ಓದುವ ‘ಪಿಸುಮಾತಕ್ಕ’ ಅವರನ್ನು ಕೆಲಸದಿಂದ ತೆಗೆಯುವುದು ಅಥವಾ ತೆಗೆಯದಿರುವುದು.

ಉಲ್ಲೇಖ: ೧) ಈ ವಿಭಾಗದ ಹಿಂದಿನ ಸುತ್ತೋಲೆ. ೨) ಸ್ನಾನದ ಮನೆಯಿಂದ ಬಂದ ದೂರವಾಣಿ ಕರೆ.

೧. ಕೈಯಂತ್ರಗಳು ಸಿಗ್ನಲ್ ಬಲವನ್ನು ‘ಮೈನಸ್ ೫೮’, ‘ಮೈನಸ್ ೯೦’ ಎಂದು ತೋರಿಸುತ್ತಿದ್ದು, ಕಚೇರಿಯ ಯಂತ್ರ ಸೊನ್ನೆಗಿಂತ ಕೆಳಗಿಳಿಯುವುದು ಘನತೆಗೆ ಕುಂದೆಂದು ಭಾವಿಸಿ, ಉಲ್ಲೇಖ ೧ರಲ್ಲಿ ಮೈನಸ್ಸನ್ನು ರದ್ದುಪಡಿಸಲಾಗಿತ್ತು. ಹೆಚ್ಚು ಅಂಕ ತಂದವರೇ ಉತ್ತಮರೆಂದು ಘೋಷಿಸಲಾಗಿತ್ತು. ಬರೀ ೫೮ ತಂದ ಪಿಸುಮಾತಕ್ಕ ಅವರಿಗೆ, ಶನಿವಾರದೊಳಗೆ ೯೦ ಮುಟ್ಟದಿದ್ದರೆ ಕೆಲಸವಿಲ್ಲವೆಂದು ನೋಟಿಸು ನೀಡಲಾಗಿತ್ತು.

೨. ಸದರಿಯವರ ಉತ್ತರ ಹೀಗಿರುತ್ತದೆ: “ಸಾರ್, ಮೀಟರ್ ಪಕ್ಕದಲ್ಲೇ ನಿಂತ್ರೆ ಐವತ್ತೆಂಟು. ದೂರ ಹೋದಷ್ಟೂ ನಂಬರ್ ಏರುತ್ತೆ, ಸಿಗ್ನಲ್ ಸಾಯುತ್ತೆ. ಹತ್ತಿರ ನಿಂತಿದ್ದೇ ನನ್ ತಪ್ಪಾ?” ಉತ್ತರವು ಮೂರನೇ ಮೇಜಿನವರೆಗೂ ಕೇಳಿಸದ ಕಾರಣ ತಿರಸ್ಕರಿಸಲಾಗಿತ್ತು.

೩. ಉಳಿದ ಸಿಬ್ಬಂದಿಯ ಪ್ರಗತಿ ಶ್ಲಾಘನೀಯ. ಬೀದಿಯ ಮೂಲೆಯಿಂದ ೮೦, ಬಸ್ ನಿಲ್ದಾಣದಿಂದ ೯೫, ಕೆರೆಯ ಆಚೆ ದಡದಿಂದ ೧೧೦ ದಾಖಲಾಗಿರುತ್ತದೆ. ಒಬ್ಬರು ಯಂತ್ರವನ್ನು ಕಬ್ಬಿಣದ ಬೀರುವಿನಲ್ಲಿಟ್ಟು, ಬೀಗ ಜಡಿದು, ತಮ್ಮ ಸ್ವಂತ ಅಕ್ಕನ ಮನೆಗೆ ಹೋಗಿ ೧೨೦ ಸಾಧಿಸಿರುತ್ತಾರೆ. ಅವರಿನ್ನೂ ಹಿಂದಿರುಗದ ಕಾರಣ ಪ್ರಶಂಸಾಪತ್ರವನ್ನು ಬೀರುವಿಗೇ ಅಂಟಿಸಲಾಗಿದೆ.

೪. ಈ ಪ್ರಗತಿಯ ನಡುವೆ ಮೂರು ವಾರ ಇವರ ಪಾಲಿನ ಯಾವ ಮೀಟರಿನ ಮಾಹಿತಿಯೂ ಬಂದಿರುವುದಿಲ್ಲ. ಮಾಹಿತಿ ಬಾರದ ಮನೆಯ ನಲ್ಲಿ ತಾನಾಗಿಯೇ ಮುಚ್ಚಿಕೊಳ್ಳುವುದು ನಿಯಮ. ಮಂಗಳವಾರ ಬೆಳಿಗ್ಗೆ ಅಧೀಕ್ಷಕರ ಮನೆಯ ನಲ್ಲಿಯೂ ನಿಯಮ ಪಾಲಿಸಿರುತ್ತದೆ. ಆ ಸಮಯದಲ್ಲಿ ಅವರ ಅತ್ತೆಯವರು ಸ್ನಾನದ ಮನೆಯೊಳಗಿದ್ದರು.

೫. ಉಲ್ಲೇಖ ೨ರ ಪೂರ್ಣಪಾಠ: “ಅಳಿಯಂದಿರೇ, ನಿಮ್ಮ ತೊಂಬತ್ತು ತೊಂಬತ್ತೈದು ಆಮೇಲೆ ಎಣಿಸ್ಕೊಳ್ಳಿ! ಮೈಯೆಲ್ಲ ಸೋಪು, ಕಣ್ಣು ಬಿಡಕ್ಕಾಗ್ತಿಲ್ಲ!”

೬. ೯೦ ದಾಟಿದ ಏಳು ಮಂದಿಯನ್ನು ತಕ್ಷಣ ಕಳುಹಿಸಲಾಯಿತು. ಅವರು ಅಂಕ ಕೆಡದಂತೆ ಕೆರೆಯಾಚೆ ನಿಂತು ಕೈಬೀಸಿರುತ್ತಾರೆ. ನಂತರ ಪಿಸುಮಾತಕ್ಕ ಅವರು ಕಾಂಪೌಂಡಿನೊಳಗೆ ಹೋಗಿ, ಹೂಕುಂಡ ಸರಿಸಿ, ಮೀಟರಿನ ಪಕ್ಕ ಕುಕ್ಕರಗಾಲಲ್ಲಿ ಕುಳಿತು, ಅದೇ ೫೮ ತಂದರು. ನೀರು ಬಂದಿರುತ್ತದೆ.

೭. ಆದ್ದರಿಂದ ಸಮಸ್ತ ಸಿಬ್ಬಂದಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ:
(ಅ) ಮೈನಸ್ಸನ್ನು ಪೂರ್ವಾನ್ವಯವಾಗುವಂತೆ ಗೌರವದಿಂದ ಮರಳಿ ಕರೆಸಿಕೊಳ್ಳಲಾಗಿದೆ. ಅದನ್ನು ನಾಚಿಕೊಳ್ಳದೆ ಬರೆಯತಕ್ಕದ್ದು.
(ಆ) ಹಿಂದಿನ ಸುತ್ತೋಲೆ ತಪ್ಪಾಗಿರಲಿಲ್ಲ. ಸರಿಯಾಗಲು ಅದಕ್ಕೆ ಸಾಕಷ್ಟು ಕಾಲಾವಕಾಶ ಸಿಕ್ಕಿರುವುದಿಲ್ಲ.
(ಇ) ನೋಟಿಸನ್ನು ಹಿಂಪಡೆದು, ಪಿಸುಮಾತಕ್ಕ ಅವರನ್ನು ಎಲ್ಲರಿಗೂ ಅಳತೆ ಕಲಿಸುವವರನ್ನಾಗಿ ನೇಮಿಸಲಾಗಿದೆ. ಪಾಠ ಕೇಳಿಸದಿದ್ದಲ್ಲಿ “ಜೋರಾಗಿ ಹೇಳ್ರೀ” ಎಂದು ಕೂಗುವಂತಿಲ್ಲ. ಕೇಳುವವರೇ ಎರಡು ಹೆಜ್ಜೆ ಹತ್ತಿರ ಬರತಕ್ಕದ್ದು.

(ಸಹಿ/-)
ಅಧೀಕ್ಷಕರು

ಪ್ರತಿಗಳು:
೧) ಕೆರೆಯಾಚೆ ಇರುವ ಏಳು ಮಂದಿಗೆ: ಈಚೆ ಬಂದು ಪಡೆಯುವುದು.
೨) ಪಿಸುಮಾತಕ್ಕ ಅವರಿಗೆ: ಅವರ ಮೇಜಿಗೇ ಹೋಗಿ, ಕೈಯಾರೆ.
೩) ಅಧೀಕ್ಷಕರ ಅತ್ತೆಯವರಿಗೆ: ತಲೆ ಒರೆಸಿಕೊಂಡ ನಂತರ.