ರಾಜರ ಪರವಾಗಿ ಬಳಸಲಾದ ಶೌಚಾಲಯ

ಹಿರೇಬಂಡೆ ಸಂಸ್ಥಾನದ ಮಹಾರಾಜರಿಗೆ ಸದ್ಯಕ್ಕೆ ರಾಜ್ಯವಿಲ್ಲ. ಜೆ.ಪಿ. ನಗರದಲ್ಲಿ ಎರಡು ಬೆಡ್‌ರೂಮಿನ ಫ್ಲ್ಯಾಟ್ ಇದೆ. ಆದರೂ ಜಯನಗರಕ್ಕೆ ಅವರ ಪ್ರತಿನಿಧಿಯೊಬ್ಬರಿದ್ದಾರೆ. ಪ್ರತಿನಿಧಿ ಇರುವ ಕಡೆಗೆ ರಾಜರು ಖುದ್ದಾಗಿ ಹೋಗಬಾರದೆಂಬುದು ಸಂಸ್ಥಾನದ ಪದ್ಧತಿ. ಜಯನಗರದಲ್ಲಿ ಪಾರ್ಕಿಂಗ್ ಸಿಗುವುದಿಲ್ಲ ಎಂಬುದು ಇತ್ತೀಚೆಗೆ ಸೇರಿಕೊಂಡ ಇನ್ನೊಂದು ಕಾರಣ.

ಆ ಪ್ರತಿನಿಧಿಯೇ ಪರಮಶಿವಯ್ಯನವರು. ಮೂವತ್ತೆರಡು ವರ್ಷ ಸರ್ಕಾರಿ ಕಚೇರಿಯ ಟಪಾಲಿಗೆ ಸೀಲು ಒತ್ತಿ ನಿವೃತ್ತರಾದವರು. ಸಕ್ಕರೆ ಕಾಯಿಲೆಯೂ ಇದೆ. ಅರಮನೆಯವರು, ಅಂದರೆ ಫ್ಲ್ಯಾಟಿನವರು, ಅವರಿಗೆ ಒಂದು ಜರಿ ಪೇಟ, ಒಂದು ಕತ್ತರಿ ಮತ್ತು ನಿಯಮಗಳ ಕೈಪಿಡಿ ಕೊಟ್ಟಿದ್ದರು. ಪೇಟ ಇಟ್ಟ ದಿನದಿಂದ ಬೀದಿಯವರು ಎದ್ದು ನಿಂತು ನಮಸ್ಕಾರ ಹೇಳುತ್ತಿದ್ದರು. ಸರ್ವೀಸಿನಲ್ಲಿದ್ದಾಗ ಜವಾನನೂ ಎದ್ದವನಲ್ಲ. ಆ ಪೇಟವೆಂದರೆ ಅವರಿಗೆ ಪ್ರಾಣ.

ಕೈಪಿಡಿಯ ಇಪ್ಪತ್ತೆರಡನೇ ನಿಯಮ ಬಹಳ ಮುಖ್ಯವಾದುದು: ಪ್ರತಿನಿಧಿಯು ರಾಜರ ಪರವಾಗಿ ಬಳಸಿದ್ದನ್ನು ಬೇರಾರೂ ಬಳಸತಕ್ಕದ್ದಲ್ಲ. ಕಳೆದ ವರ್ಷ ಪಾರ್ಕಿನ ಕಲ್ಲುಬೆಂಚು ಉದ್ಘಾಟಿಸಿದ ಪರಮಶಿವಯ್ಯ ಮೈಮರೆತು ಅದರ ಮೇಲೆ ಕೂತುಬಿಟ್ಟರು. ಬೆಂಚಿಗೆ ಈಗ ಬೇಲಿ ಇದೆ. ವಾಕಿಂಗ್ ಬರುವ ಮುದುಕರು ಬೇಲಿ ಹಿಡಿದು ನಿಂತೇ ಸುಧಾರಿಸಿಕೊಳ್ಳುತ್ತಾರೆ.

ಎರಡು ತಿಂಗಳ ಹಿಂದೆ ಒಂದು ಬುಧವಾರ ವರ್ತಕರ ಸಂಘದ ಸಾರ್ವಜನಿಕ ಶೌಚಾಲಯದ ಉದ್ಘಾಟನೆ. ಕಟ್ಟಡ ಮುಗಿದು ಮೂರು ವರ್ಷವಾಗಿತ್ತು. ನೀರಿತ್ತು, ದೀಪವಿತ್ತು, ಒಳಗಡೆ ಚಿಲಕವೂ ಇತ್ತು. ಉದ್ಘಾಟಕರು ಸಿಕ್ಕಿರಲಿಲ್ಲ, ಆದ್ದರಿಂದ ಬೀಗ ತೆಗೆದಿರಲಿಲ್ಲ. ಎದುರಿನ ಫುಟ್‌ಪಾತಿನಲ್ಲಿ ಹೂ ಮಾರುವ ಸೊಣ್ಣಮ್ಮ ಆ ಬೀಗ ನೋಡಿಕೊಂಡೇ ಮೊಳ ಹಾಕುತ್ತಿದ್ದಳು. ಬೆಳಿಗ್ಗೆ ಆರಕ್ಕೆ ಬಂದು ಕೂತರೆ ಸಂಜೆಯವರೆಗೆ ಒಂದು ಗುಟುಕು ನೀರು ಕುಡಿಯುತ್ತಿರಲಿಲ್ಲ.

"ಬೇಗ ಕತ್ತರಿಸ್ಬಿಡಿ ಸ್ವಾಮಿ," ಎಂದಳು, ಪರಮಶಿವಯ್ಯನವರ ಕೈಗೆ ಹಾರ ಕೊಡುತ್ತಾ. "ಇವತ್ತು ಧೈರ್ಯ ಮಾಡಿ ಒಂದು ಲೋಟ ಕಾಫಿ ಕುಡ್ದಿದೀನಿ."

"ಆಗಲಿ ತಾಯಿ," ಎಂದರು ಪರಮಶಿವಯ್ಯ, ರಾಜಗಾಂಭೀರ್ಯದಿಂದ.

ಪ್ರಜೆಗಳು ಕೊಟ್ಟ ಪಾನೀಯವನ್ನು ಪ್ರತಿನಿಧಿಯು ತಳ ಕಾಣುವವರೆಗೆ ಕುಡಿಯತಕ್ಕದ್ದು ಎನ್ನುತ್ತದೆ ಆರನೇ ನಿಯಮ. ಸಂಘದ ಅಧ್ಯಕ್ಷ ಕೆಂಪರಾಜು ಎಳನೀರು ಕೊಟ್ಟರು. ಪಾತ್ರೆ ಅಂಗಡಿಯವರು ಮಜ್ಜಿಗೆ ಕೊಟ್ಟರು. ಬೇಕರಿಯವರು ಸಕ್ಕರೆ ಇಲ್ಲದ ನಿಂಬೆ ಶರಬತ್ತನ್ನು ಮುತುವರ್ಜಿಯಿಂದ ದೊಡ್ಡ ಲೋಟದಲ್ಲೇ ತಂದರು. ಆಮೇಲೆ ಭಾಷಣ ಶುರುವಾಯಿತು.

ಹನ್ನೊಂದು ಗಂಟೆಗೆ ಪರಮಶಿವಯ್ಯ ಕಾಲ ಮೇಲೆ ಕಾಲು ಹಾಕಿದರು. ಐದು ನಿಮಿಷದಲ್ಲಿ ಕಾಲು ಬದಲಾಯಿಸಿದರು.

"ಕೆಂಪರಾಜು ಅವರೇ, ಕತ್ತರಿಸೋಣ್ವಾ?"

"ಒಂದೈದು ನಿಮಿಷ ಸಾರ್. ವಂದನಾರ್ಪಣೆ ನಡೀತಿದೆ. ಕೊನೇಲಿ ಯಾರೂ ಕೂತ್ಕೊಳಲ್ಲ ಅಂತ ಫಸ್ಟೇ ಇಟ್ಕೊಂಡ್ವಿ. ಇನ್ನು ಸ್ವಾಗತ ಇದೆ, ಆಮೇಲೆ ನನ್ನ ನಾಲ್ಕು ಮಾತು."

ಹಸಿವು, ಬಾಯಾರಿಕೆ ಮತ್ತಿತರ ದೇಹಬಾಧೆಗಳು ಪ್ರಜೆಗಳಿಗೆ ಸೇರಿದವು, ಪ್ರತಿನಿಧಿಗೆ ಅಲ್ಲ. ಇದು ಒಂಬತ್ತನೇ ನಿಯಮ. ಪರಮಶಿವಯ್ಯ ಅದನ್ನು ಮನಸ್ಸಿನಲ್ಲೇ ಎಂಟು ಸಲ ಹೇಳಿಕೊಂಡರು. ಕೆಂಪರಾಜು ಅವರ ಮಾತು ತಮ್ಮ ತಾತ ಇದೇ ಜಾಗದಲ್ಲಿ ರಾಗಿ ಬೆಳೆದ ಕಾಲಕ್ಕೆ ಬಂದಾಗ, ಅದು ಇವತ್ತಿನವರೆಗೆ ಬರುವಷ್ಟು ಹೊತ್ತು ತಮ್ಮಲ್ಲಿಲ್ಲ ಎಂದು ಅವರಿಗೆ ಖಚಿತವಾಯಿತು. ಕತ್ತರಿ ಹಿಡಿದು ಎದ್ದರು. ಟೇಪು ಕತ್ತರಿಸಿದರು. ಬೀಗ ತೆಗೆಸಿದರು. ಒಳಗೆ ಹೋಗಿ ಚಿಲಕ ಹಾಕಿಕೊಂಡರು.

ಟೇಪು ಬಿದ್ದದ್ದು ಕಂಡು ವಾದ್ಯದವರು ಊದತೊಡಗಿದರು. ಒಳಗೆ ಪರಮಶಿವಯ್ಯನವರಿಗೆ ಹೋದ ಜೀವ ಬಂದಂತಾಯಿತು.

ಹೊರಬಂದಾಗ ಬಾಗಿಲಲ್ಲಿ ಮೊದಲು ನಿಂತಿದ್ದವಳು ಸೊಣ್ಣಮ್ಮ. ಕೆಂಪರಾಜು ಕೈ ಅಡ್ಡ ಹಿಡಿದರು.

"ಒಂದ್ನಿಮಿಷ ಇರಮ್ಮ. ಸಾರ್, ರೂಲ್ ಪ್ರಕಾರ ಕೇಳ್ತಿದೀನಿ, ತಪ್ಪು ತಿಳೀಬೇಡಿ. ಈಗ ಹೋಗ್ಬಂದಿದ್ದು ರಾಜರ ಪರವಾಗೋ, ಸ್ವಂತಕ್ಕೋ?"

ಪೇಟ ತಲೆಯ ಮೇಲಿದ್ದಾಗ ಸ್ವಂತ ಕೆಲಸ ಮಾಡಿದ ಪ್ರತಿನಿಧಿಯಿಂದ ಪೇಟ ಹಿಂಪಡೆಯತಕ್ಕದ್ದು. ಈ ನಿಯಮವೂ ಪರಮಶಿವಯ್ಯನವರಿಗೆ ಬಾಯಿಪಾಠವಾಗಿತ್ತು. ಅವರು ಸೊಣ್ಣಮ್ಮನ ಮುಖ ನೋಡಿದರು. ಕೈ ತಾನಾಗಿ ಪೇಟ ಮುಟ್ಟಿಕೊಂಡಿತು. ನಾಚಿಕೆಯಾಯಿತು, ನಿಜವಾಗಿ ನಾಚಿಕೆಯಾಯಿತು.

"ರಾಜರ ಪರವಾಗಿಯೇ," ಎಂದರು.

ಜನ ಚಪ್ಪಾಳೆ ತಟ್ಟಿದರು. ಸೊಣ್ಣಮ್ಮ ಬುಟ್ಟಿಯನ್ನು ಪಕ್ಕದವಳಿಗೆ ಒಪ್ಪಿಸಿ ದೂರದ ಬಸ್ ಸ್ಟ್ಯಾಂಡಿನ ಕಡೆಗೆ ಬೇಗ ಬೇಗ ನಡೆದಳು.

ಸಂಜೆಯೇ ವಾಟ್ಸ್ಯಾಪಿನಲ್ಲಿ ಅರಮನೆಯ ಪ್ರಕಟಣೆ ಬಂತು: "ನಮ್ಮ ಪರವಾಗಿ ನಡೆದ ಕಾರ್ಯದಿಂದ ನಾವು ಸಂತುಷ್ಟರಾಗಿದ್ದೇವೆ. ಸದರಿ ಕಟ್ಟಡ ನಿರುಪಯುಕ್ತವಾಗದಂತೆ ಪ್ರತಿನಿಧಿಯು ಪ್ರತಿ ಬುಧವಾರ ಬೆಳಿಗ್ಗೆ ಹತ್ತಕ್ಕೆ ಸದರಿ ಕಾರ್ಯವನ್ನು ಮುಂದುವರಿಸತಕ್ಕದ್ದು."

ಈಗ ಬುಧವಾರ ಬುಧವಾರ ವಾದ್ಯ ಬರುತ್ತದೆ, ಎಳನೀರು ಬರುತ್ತದೆ, ಬೀಗ ತೆಗೆಯುತ್ತಾರೆ, ಬೀಗ ಹಾಕುತ್ತಾರೆ. ಬಾಗಿಲಿನ ಹಾರದ ಆರ್ಡರನ್ನು ಸಂಘ ಸೊಣ್ಣಮ್ಮನಿಗೇ ಕೊಟ್ಟಿದೆ. ಪರಮಶಿವಯ್ಯ ಹೊರಬಂದಾಗ ಅವಳು ಎಲ್ಲರ ಜೊತೆ ಎದ್ದು ನಿಂತು ಕೈ ಮುಗಿಯುತ್ತಾಳೆ. ಸಂಘದವರು ಕಾಫಿ ಹಂಚುತ್ತಾರೆ. ಅವಳು ಮಾತ್ರ ಬೇಡ ಅನ್ನುತ್ತಾಳೆ.